ಚಳಿಗಾಲದಲ್ಲಿ ಬಾಲ್ಕನಿ ತೋಟ: ಪುಣೆ, ಮುಂಬೈ, ಗೋವಾದವರು ಹೇಳಿದ್ದು

ಕೇಳಿದವರು, ಪುಣೆಯ ಕೋಥ್ರೂಡ್‌ನಿಂದ:
ಹುಬ್ಬಳ್ಳಿಯಿಂದ ಬಂದ ಮೇಲೆ ಇದು ಮೊದಲ ಚಳಿಗಾಲ. ನಾಲ್ಕನೇ ಮಹಡಿ ಫ್ಲ್ಯಾಟ್. ದೀಪಾವಳಿ ಮುಗಿದ ಮೇಲೆ ಬಾಲ್ಕನಿ ಕಡೆ ಹೋಗೋಕೇ ಮನಸ್ಸಾಗುತ್ತಿಲ್ಲ. ತುಳಸಿ ಬೋಳಾಗಿದೆ. ನರ್ಸರಿಯಿಂದ ತಂದ ಸೇವಂತಿಗೆ ಗಿಡದಲ್ಲಿ ಬರೀ ಎಲೆ, ಮೊಗ್ಗೇ ಇಲ್ಲ. ಈ ತಿಂಗಳುಗಳಲ್ಲಿ ಖುಷಿ ಕೊಡುವಂಥದ್ದು ಏನು ಬೆಳೆಯಬಹುದು? ಅವರೆ ಹಾಕಲಾ?

ಪುಣೆಯ ಔಂಧ್‌ನಿಂದ ಒಬ್ಬರು:
ತಂಗಿ, ಮೊದಲು ಬಿಸಿಲು ಎಲ್ಲಿ ಬೀಳುತ್ತದೆ ನೋಡಮ್ಮ. ಡಿಸೆಂಬರ್‌ನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ದಕ್ಷಿಣದ ಬಾಲ್ಕನಿಯಾದರೆ ಬೇಸಿಗೆಗಿಂತ ಈಗಲೇ ಬಿಸಿಲು ಒಳಗೆ ಜಾಸ್ತಿ ಬರುತ್ತದೆ. ಉತ್ತರದ್ದಾದರೆ ನೇರ ಬಿಸಿಲು ಸಿಗುವುದೇ ಇಲ್ಲ. ಅಲ್ಲಿ ಹೂವಿನ ಆಸೆ ಬಿಟ್ಟು ಮನಿ ಪ್ಲಾಂಟ್ ಥರದ ಎಲೆ ಗಿಡ ಇಟ್ಟುಕೊಳ್ಳಿ.

ಸೇವಂತಿಗೆಯ ವಿಷಯ ಬೇರೆ. ಅದು ಮೊಗ್ಗು ಕಟ್ಟಬೇಕಾದರೆ ರಾತ್ರಿ ಉದ್ದ ಇರಬೇಕು, ಮತ್ತು ಪೂರ್ತಿ ಕತ್ತಲೆ ಇರಬೇಕು. ನಡುವೆ ಬೆಳಕು ಬಿದ್ದರೆ ಗಿಡ ಹಗಲು ಇನ್ನೂ ಉದ್ದ ಇದೆ ಅಂದುಕೊಳ್ಳುತ್ತದೆ. ಹೂ ತಡವಾಗಲಿ ಅಂತ ಬೆಳೆಗಾರರು ಬೇಕೆಂದೇ ರಾತ್ರಿ ಬಲ್ಬ್ ಹಾಕುತ್ತಾರೆ. ನಿಮ್ಮ ದೀಪಾವಳಿ ಸರದ ಲೈಟು ಇನ್ನೂ ಉರಿಯುತ್ತಿದೆಯಾ? ತೆಗೆದುಬಿಡಿ. ಬೀದಿ ದೀಪ ಬೀಳುವ ಮೂಲೆಯಲ್ಲಿದ್ದರೆ ಕುಂಡದ ಜಾಗ ಬದಲಿಸಿ.

ಅವರೆ ಈಗ ಬೇಡ. ಅದರ ಹಳೇ ತಳಿಗಳನ್ನು ಮಳೆಗಾಲದಲ್ಲೇ ಬಿತ್ತಬೇಕು. ಹಗಲು ಚಿಕ್ಕದಾದ ಮೇಲೆ ಹೂ ಬಿಡುತ್ತವೆ. ಈ ವರ್ಷ ತರಕಾರಿ ಮಾರುಕಟ್ಟೆಯಲ್ಲಿ ಪಾವಟಾ (ಅವರೆಗೆ ಇಲ್ಲಿನ ಹೆಸರು) ಕೊಂಡು ಸಾರು ಮಾಡಿ, ಸಾಕು. ತುಳಸಿಗೆ ಚಳಿ ಒಗ್ಗುವುದಿಲ್ಲ, ಬೋಳಾಗುವುದು ಮಾಮೂಲು. ಒಣಗಿದ ತೆನೆ ಚಿವುಟಿ, ನೀರು ಕಡಿಮೆ ಮಾಡಿ.

ಮುಂಬೈ ಹತ್ತಿರದ ಡೊಂಬಿವಲಿಯಿಂದ:
ಮೇಡಂ, ಸುಮ್ನೆ ಮೆಂತ್ಯ ಹಾಕಿ! ಮುಂಬೈನಲ್ಲಿ ಸಮುದ್ರ ಮೆಂತ್ಯ ಅಂತ ಪುಟ್ಟ ಪುಟ್ಟ ಕಟ್ಟು ಮಾರುತ್ತಾರೆ, ಕಡಲ ಬದಿಯ ಮರಳಿನಲ್ಲಿ ಬೆಳೆದದ್ದು. ಅದನ್ನೇ ಮನೆಯಲ್ಲಿ ಮಾಡಬಹುದು. ಅಡುಗೆಮನೆ ಡಬ್ಬಿಯ ಮೆಂತ್ಯವನ್ನೇ ರಾತ್ರಿ ನೆನೆಸಿ, ತಗ್ಗಾದ ಟ್ರೇನಲ್ಲಿ ಮರಳು ಬೆರೆಸಿದ ಮಣ್ಣಿಗೆ ಒತ್ತೊತ್ತಾಗಿ ಚೆಲ್ಲಿ. ಮೂರ್ನಾಲ್ಕು ದಿನಕ್ಕೆ ಮೊಳಕೆ, ಎರಡು ವಾರದೊಳಗೆ ಕಿತ್ತು ಪಲ್ಯ. ಹೂವಿಗಾಗಿ ತಿಂಗಳುಗಟ್ಟಲೆ ಕಾಯುವ ತಾಳ್ಮೆ ನನಗಿಲ್ಲ. ಕೊತ್ತಂಬರಿಯಾದರೆ ಕಾಳನ್ನು ಎರಡು ಹೋಳಾಗುವಂತೆ ಒಡೆದು ಹಾಕಿ. ಅದು ನಿಧಾನ, ಮೊಳಕೆ ಬರಲಿಲ್ಲ ಅಂತ ಮಣ್ಣು ಕೆದಕಬೇಡಿ.

ಇಲ್ಲಿ ಚಳಿಗಿಂತ ಧೂಳಿನ ಕಾಟ. ಆಗಾಗ ಬೆಳಿಗ್ಗೆ ಎಲೆ ತೊಳೆಯುತ್ತೇನೆ.

ಗೋವಾದ ಮಡಗಾಂವ್‌ನಿಂದ:
ಔಂಧ್ ಅಕ್ಕ ಹೇಳಿದ್ದು ಸರಿ, ಆದರೆ ಎಲ್ಲವನ್ನೂ ಕುಂಡದಲ್ಲೇ ಯೋಚಿಸುತ್ತಾರೆ ಪುಣೆಯವರು. ನಮ್ಮಲ್ಲಿ ಭತ್ತ ಕೊಯ್ದ ಗದ್ದೆಯಲ್ಲೇ ತರಕಾರಿ ಶುರು. ಮನೆ ಹಿಂದೆ ನಾನು ಹಾಕುವುದು ತಾಂಬ್ಡಿ ಭಾಜಿ, ಅದೇ ನಮ್ಮ ಕೆಂಪು ದಂಟಿನ ಸೊಪ್ಪು. ಬೀಜ ತೀರಾ ಸಣ್ಣದು. ಒಣ ಮರಳು ಬೆರೆಸಿ ಚೆಲ್ಲಿದರೆ ಒಂದೇ ಕಡೆ ಬೀಳುವುದಿಲ್ಲ. ಇರುವೆಗಳು ಹೊತ್ತುಕೊಂಡು ಹೋಗುತ್ತವೆ, ಸುತ್ತ ಬೂದಿ ಉದುರಿಸಿ. ಬಾಲ್ಕನಿಯಲ್ಲೂ ಬರುತ್ತದೆ, ಬಿಸಿಲು ಮಾತ್ರ ಚೆನ್ನಾಗಿ ಬೇಕು. ಪುಣೆಯ ರಾತ್ರಿ ಚಳಿಯಲ್ಲಿ ನಿಧಾನವಾಗಬಹುದು.

ಕೋಥ್ರೂಡ್‌ನಿಂದ:
ಎಲ್ಲರಿಗೂ ಥ್ಯಾಂಕ್ಸ್. ನಮ್ಮದು ದಕ್ಷಿಣದ ಬಾಲ್ಕನಿ. ಸರದ ಲೈಟು ಇವತ್ತೇ ತೆಗೆದೆ, ಮಗಳು ಮುನಿಸಿಕೊಂಡಿದ್ದಾಳೆ. ಮೆಂತ್ಯ ನೆನೆಸಿದ್ದೇನೆ. ಸೇವಂತಿಗೆಯ ಎಳೆ ತುದಿಯಲ್ಲಿ ಕಪ್ಪು ಹೇನು ಕಾಣುತ್ತಿದೆ, ಏನು ಮಾಡಲಿ?

ಔಂಧ್‌ನಿಂದ:
ಮೊದಲು ನೀರನ್ನು ಜೋರಾಗಿ ಹೊಡೆದು ತೊಳೆಯಿರಿ. ಹೋಗದಿದ್ದರೆ ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ಎರಡು ಹನಿ ಸೋಪು, ಚೆನ್ನಾಗಿ ಕಲಕಿ ಸಂಜೆ ಸಿಂಪಡಿಸಿ. ಎಲೆಯ ಹಿಂಬದಿ ಮರೆಯಬೇಡಿ. ಜನವರಿಯಲ್ಲಿ ಪುಣೆಯ ಎಂಪ್ರೆಸ್ ಗಾರ್ಡನ್‌ನಲ್ಲಿ ಫಲಪುಷ್ಪ ಪ್ರದರ್ಶನ ಇರುತ್ತದೆ, ಮಗಳನ್ನೂ ಕರೆದುಕೊಂಡು ಬನ್ನಿ. ನಾನಂತೂ ಹೋಗುತ್ತೇನೆ.