ಅಪ್‌ಡೇಟ್: ಶಿರಸಿ–ಸಿದ್ದಾಪುರದ ಜೀವವೈವಿಧ್ಯ ಕೊನೆಗೂ ಒಂದೇ ನಕ್ಷೆಯಲ್ಲಿ

ನಮ್ಮ ಗುಂಪಿನ ಗಿಡ, ಹಕ್ಕಿ, ಕಪ್ಪೆಗಳ ಪಟ್ಟಿ ಹತ್ತಾರು ಎಕ್ಸೆಲ್ ಫೈಲ್‌ಗಳಲ್ಲಿ ಚದುರಿದೆ, ಎಲ್ಲರೂ ಸೇರಿ ತುಂಬುವ ಒಂದು ಆನ್‌ಲೈನ್ ನಕ್ಷೆ ಮಾಡೋದು ಹೇಗೆ ಅಂತ ಕೇಳಿದ್ದೆ. ಈಗ ಕೆಲಸ ಆಗಿದೆ!

ಕೈಹಿಡಿದದ್ದು ಐನ್ಯಾಚುರಲಿಸ್ಟ್ (ಕಂಡ ಜೀವಿಗಳ ಫೋಟೋ ಹಾಕಿ ಎಲ್ಲರೂ ಸೇರಿ ಗುರುತಿಸುವ ಜಾಲತಾಣ) ಬಳಸಿ ಎಂಬ ಸಲಹೆ. ಎರಡೂ ತಾಲ್ಲೂಕುಗಳ ಗಡಿ ಕೊಟ್ಟು ಪ್ರಾಜೆಕ್ಟ್ ತೆರೆದೆವು. ಆ ಗಡಿಯೊಳಗೆ ಯಾರು ಫೋಟೋ ಹಾಕಿದರೂ ತಾನಾಗಿಯೇ ಸೇರುತ್ತದೆ. ಗೂಗಲ್ ಶೀಟ್ ನಡೆಯಲಿಲ್ಲ. ಒಂದೇ ಮರ ಉಪ್ಪಾಗೆ, ಗಾರ್ಸಿನಿಯಾ ಗಮ್ಮಿ-ಗುಟ್ಟ, ಹಳೆಯ ಹೆಸರಾದ ಗಾರ್ಸಿನಿಯಾ ಕಾಂಬೋಜಿಯಾ ಅಂತ ಮೂರು ಸಾಲಾಗಿ ಕೂತಿತ್ತು. ಸ್ವಂತ ವೆಬ್‌ಸೈಟ್ ನೋಡಿಕೊಳ್ಳಲು ಜನ ಇಲ್ಲ, ಅದನ್ನು ಬಿಟ್ಟೆವು.

ಎರಡು ವಿಷಯ ನನಗೆ ಹೊಸದು. ಅಳಿವಿನ ಅಂಚಿನ ಜೀವಿಗಳ ನಿಖರ ಜಾಗವನ್ನು ಐನ್ಯಾಚುರಲಿಸ್ಟ್ ತಾನೇ ಮರೆಮಾಡಿ, ಸುಮಾರು 0.2 ಡಿಗ್ರಿ ಚೌಕದೊಳಗೆ ಎಲ್ಲೋ ಒಂದು ಚುಕ್ಕೆ ತೋರಿಸುತ್ತದೆ. ಚುಕ್ಕೆ ತಪ್ಪು ಜಾಗದಲ್ಲಿದೆ ಅಂತ ಗಾಬರಿಯಾಗಬೇಡಿ. ಬೇಟೆಗಾರರ ಕಣ್ಣಿಂದ ಕಾಪಾಡಲು ಇದು ಬೇಕೇ ಬೇಕು ಅಲ್ವಾ? ಸದಸ್ಯರು ಪ್ರಾಜೆಕ್ಟ್‌ಗೆ ಒಪ್ಪಿಗೆ ಕೊಟ್ಟರೆ ನಡೆಸುವವರಿಗೆ ಮಾತ್ರ ನಿಜವಾದ ಜಾಗ ಕಾಣುತ್ತದೆ.

ಇನ್ನೊಂದು, ಲೈಸೆನ್ಸ್. ಸಿಸಿ ಝೀರೋ, ಸಿಸಿ ಬೈ, ಸಿಸಿ ಬೈ-ಎನ್‌ಸಿ (ಬೇರೆಯವರು ಬಳಸಲು ಬಿಡುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿಗಳು) ಇವುಗಳಲ್ಲಿ ಒಂದು ಇದ್ದರೆ ಮಾತ್ರ ದಾಖಲೆ ಜಿಬಿಐಎಫ್ ಎಂಬ ಜಾಗತಿಕ ಜೀವವೈವಿಧ್ಯ ಮಾಹಿತಿ ಸಂಗ್ರಹಕ್ಕೆ ಹೋಗುತ್ತದೆ, ಅದೂ ಯಾವ ಜೀವಿ ಎಂಬ ಗುರುತು ಖಚಿತವಾದ ಮೇಲೆ. ಹಕ್ಕು ಪೂರ್ತಿ ಕಾಯ್ದಿರಿಸಿದರೆ ಇಲ್ಲ. ಶುರುವಿನಲ್ಲೇ ಎಲ್ಲರ ಸೆಟ್ಟಿಂಗ್ ನೋಡಿಬಿಡಿ.

ಫೋಟೋ ಇಲ್ಲದ ಹಳೆಯ ಪಟ್ಟಿಗಳಿಗೆ ಐನ್ಯಾಚುರಲಿಸ್ಟ್ ಮೂಲಕ ಜಿಬಿಐಎಫ್ ಸೇರುವ ದಾರಿ ಇಲ್ಲ. ಅವನ್ನು ಡಾರ್ವಿನ್ ಕೋರ್ (ಜೀವವೈವಿಧ್ಯ ದಾಖಲೆ ಹಂಚಿಕೊಳ್ಳುವ ಸಾಮಾನ್ಯ ಮಾದರಿ) ಕಾಲಂಗಳಿಗೆ ಹೊಂದಿಸುತ್ತಿದ್ದೇವೆ.