ಸಹಾಯ ಬೇಕು: ಒತ್ತಕ್ಷರದ ಬುಡ ಕತ್ತರಿಸಿ ಹೋಗುತ್ತಿದೆ

ಎಲ್ಲರಿಗೂ ನಮಸ್ಕಾರ. ಸಿಎಸ್‌ಎಸ್ (ವೆಬ್ ಪುಟದ ಅಂದ ಹೊಂದಿಸುವ ಭಾಷೆ) ಅಭ್ಯಾಸಕ್ಕೆ ಮಂಗಳೂರಿನಿಂದ ಹೊರಡುವ ಬಸ್ಸುಗಳ ಒಂದು ಪುಟ ಮಾಡುತ್ತಿದ್ದೇನೆ. ನೋಟೊ ಸಾನ್ಸ್ ಕನ್ನಡ ಫಾಂಟ್, 20 ಪಿಕ್ಸೆಲ್, ಲೈನ್-ಹೈಟ್ (ಸಾಲಿನ ಎತ್ತರ) ಅಕ್ಷರದ ಗಾತ್ರದ 1.2 ಪಟ್ಟು. ಉದ್ದದ ಹೆಸರಿನ ಕೊನೆಗೆ ಮೂರು ಚುಕ್ಕಿ ಬರಲೆಂದು ಓವರ್‌ಫ್ಲೋ ಹಿಡನ್ (ಚೌಕದಿಂದ ಹೊರಗೆ ಚಾಚಿದ್ದನ್ನು ಮರೆಮಾಡುವ ಸೂಚನೆ) ಕೊಟ್ಟಿದ್ದೇನೆ.

'ಉಡುಪಿ' ಸರಿಯಾಗಿ ಕಾಣುತ್ತದೆ. 'ಕಲ್ಲಡ್ಕ'ದಲ್ಲಿ ಮಾತ್ರ ಎರಡೂ ಒತ್ತುಗಳ ಬುಡ ಮಾಯ! ಕಾರಣ ಗೊತ್ತು: 1.2 ಇಂಗ್ಲಿಷಿಗೆ ಸಾಕು, ನಮ್ಮ ಒತ್ತುಗಳು ಅದಕ್ಕಿಂತ ಕೆಳಗೆ ಇಳಿಯುತ್ತವೆ, ಹಿಡನ್ ಅಲ್ಲೇ ಕತ್ತರಿಸುತ್ತದೆ.

ಲೈನ್-ಹೈಟ್ 1.6 ಮಾಡಿದರೆ ಸರಿಹೋಗುತ್ತದೆ. ಆದರೆ ಸಾಲು 24ರಿಂದ 32 ಪಿಕ್ಸೆಲ್‌ಗೆ ಏರಿ, 12 ಬಸ್ಸಿನ ಪಟ್ಟಿ ಈಗಿನದಕ್ಕಿಂತ 96 ಪಿಕ್ಸೆಲ್ ಹೆಚ್ಚು ಉದ್ದವಾಗುತ್ತದೆ. ಓವರ್‌ಫ್ಲೋ-ವೈಗೆ (ಮೇಲೆ-ಕೆಳಗಿನ ದಿಕ್ಕಿಗೆ) ವಿಸಿಬಲ್, ಅಂದರೆ ಕತ್ತರಿಸದೆ ತೋರಿಸು ಎಂದು ಕೊಟ್ಟೂ ನೋಡಿದೆ. ಆದರೆ ಎಕ್ಸ್ (ಅಡ್ಡ ದಿಕ್ಕು) ಹಿಡನ್ ಇರುವಾಗ ಬ್ರೌಸರ್ ಅದನ್ನು ಆಟೋ (ಬೇಕಾದರೆ ಸ್ಕ್ರೋಲ್) ಎಂದೇ ಲೆಕ್ಕ ಹಾಕುತ್ತದೆ.

ಓವರ್‌ಫ್ಲೋ-ಎಕ್ಸ್‌ಗೆ ಕ್ಲಿಪ್ (ಆ ದಿಕ್ಕಿನಲ್ಲಿ ಮಾತ್ರ ಕತ್ತರಿಸು) ಕೊಟ್ಟರೆ ಕೆಲಸ ಆಗುತ್ತದೆ, ಆದರೆ ಅದಕ್ಕೆ ಕ್ರೋಮ್ 90 ಅಥವಾ ಸಫಾರಿ 16 ಬೇಕು. ಹಳೆಯ ಫೋನುಗಳಿಗೆ ಪ್ಯಾಡಿಂಗ್-ಬಾಟಮ್ (ಚೌಕದ ಒಳಗೆ, ಕೆಳಗಿನ ಜಾಗ) 0.3 ಎಮ್ (ಒಂದು ಎಮ್ ಎಂದರೆ ಅಕ್ಷರದ ಗಾತ್ರ), ಮಾರ್ಜಿನ್-ಬಾಟಮ್ (ಚೌಕದ ಹೊರಗೆ, ಕೆಳಗಿನ ಜಾಗ) ಮೈನಸ್ 0.3 ಎಮ್ ಸಾಕೇ? 'ರಾಷ್ಟ್ರೀಯ'ದಂಥ ಎರಡು ಒತ್ತಿನ ಪದಕ್ಕೆ ನೀವು ಎಷ್ಟು ಇಡುತ್ತೀರಿ? ಫಾಂಟ್ ಬದಲಿಸಿ ಎಂದು ಮಾತ್ರ ಹೇಳಬೇಡಿ ಮಾರಾಯ್ರೆ.