ಫ್ಲೋಟ್ ವೇವ್ ಫೈಲ್ ಓದಿದರೆ ಬರೀ ಸೊನ್ನೆ: ಇದು ಲಿಬ್‌ಸೌಂಡ್‌ಫೈಲ್‌ನ ದೋಷವೇ?

ಪ್ರಶ್ನೆ

ನಮಸ್ಕಾರ. ಹಿರಿಯರ ಮಾತುಕತೆಯ ಧ್ವನಿಮುದ್ರಣಗಳನ್ನು ಒಂದೇ ರೂಪಕ್ಕೆ ತರಲು ಸಿ ಭಾಷೆಯಲ್ಲಿ ಸಣ್ಣ ಪ್ರೋಗ್ರಾಂ ಬರೆಯುತ್ತಿದ್ದೇನೆ. ಬೇರೆ ಬೇರೆ ಉಪಕರಣಗಳಿಂದ ಬಂದ ಫೈಲುಗಳಾದ್ದರಿಂದ ಕೆಲವು 16 ಬಿಟ್ ವೇವ್, ಕೆಲವು ಆಗ್ ವೋರ್ಬಿಸ್ (ಧ್ವನಿಯನ್ನು ಕುಗ್ಗಿಸಿಡುವ ಫಾರ್ಮ್ಯಾಟ್), ಈಚಿನವು 32 ಬಿಟ್ ಫ್ಲೋಟ್, ಅಂದರೆ ದಶಮಾಂಶ ಸಂಖ್ಯೆಗಳ, ವೇವ್ ರೂಪದಲ್ಲಿವೆ. ಎಲ್ಲವನ್ನೂ ಧ್ವನಿ ಫೈಲುಗಳನ್ನು ಓದಿ ಬರೆಯುವ ಲೈಬ್ರರಿಯಾದ ಲಿಬ್‌ಸೌಂಡ್‌ಫೈಲ್‌ನಿಂದ ತೆರೆದು, 'ರೀಡ್ ಶಾರ್ಟ್' ಫಂಕ್ಷನ್ ಮೂಲಕ 16 ಬಿಟ್ ಪೂರ್ಣಾಂಕಗಳಾಗಿ ಓದುತ್ತೇನೆ. ಮೊದಲ ಎರಡು ಬಗೆಯವು ಸರಿಯಾಗಿ ಬರುತ್ತವೆ. ಫ್ಲೋಟ್ ವೇವ್‌ನಿಂದ ಮಾತ್ರ ಸಾಲುಸಾಲು ಸೊನ್ನೆ, ಅಲ್ಲೊಂದು ಇಲ್ಲೊಂದು 1 ಅಥವಾ -1. ಅದೇ ಫೈಲು ಪ್ಲೇಯರ್‌ನಲ್ಲಿ ಸ್ಪಷ್ಟವಾಗಿ ಕೇಳಿಸುತ್ತದೆ. ವೋರ್ಬಿಸ್ ಕೂಡ ಡೀಕೋಡ್ ಆಗುವಾಗ ಫ್ಲೋಟ್ ಸಂಖ್ಯೆಗಳಾಗಿಯೇ ಹೊರಬರುತ್ತದೆಯಲ್ಲವೇ? ಅದು ಸರಿಯಾಗಿ ಬಂದು ಇದು ಬಾರದಿರಲು ಕಾರಣವೇನು?

ಉತ್ತರ 1

ನಿಮ್ಮ ಫೈಲು ಕೆಟ್ಟಿಲ್ಲ. ಫ್ಲೋಟ್ ವೇವ್‌ನಲ್ಲಿ ಸ್ಯಾಂಪಲ್‌ಗಳು, ಅಂದರೆ ಕ್ಷಣಕ್ಷಣದ ಧ್ವನಿಯ ಅಳತೆಗಳು, ಸಾಮಾನ್ಯವಾಗಿ -1.0ರಿಂದ 1.0ರೊಳಗೆ ಇರುತ್ತವೆ. ಪೂರ್ಣಾಂಕವಾಗಿ ಓದಿದಾಗ ಲೈಬ್ರರಿಯು ತಾನಾಗಿ ಅವುಗಳನ್ನು ಹಿಗ್ಗಿಸದೆ ಬರೀ ಹತ್ತಿರದ ಪೂರ್ಣಾಂಕಕ್ಕೆ ಇಳಿಸುವುದರಿಂದ, 9830 ಆಗಬೇಕಿದ್ದ 0.3 ಸೊನ್ನೆಯಾಗುತ್ತದೆ. ವೋರ್ಬಿಸ್ ಭಾಗದ ಕೋಡ್ ಮಾತ್ರ ತಾನೇ 16 ಬಿಟ್‌ನ ಅತಿ ದೊಡ್ಡ ಸಂಖ್ಯೆಯಾದ 32767ರಿಂದ ಗುಣಿಸಿ ಕೊಡುತ್ತದೆ. ಫೈಲ್ ತೆರೆದ ಕೂಡಲೇ 'ಸೆಟ್ ಸ್ಕೇಲ್ ಫ್ಲೋಟ್ ಇಂಟ್ ರೀಡ್' ಎಂಬ ಆದೇಶ ಕೊಟ್ಟರೆ ಫ್ಲೋಟ್ ವೇವ್‌ನಿಂದಲೂ ಧ್ವನಿ ಬರುತ್ತದೆ.

ಪ್ರಶ್ನೆ ಕೇಳಿದವರು

ಧನ್ಯವಾದಗಳು, ಧ್ವನಿ ಬಂತು. ಆದರೆ ಪಿಸುದನಿಯಲ್ಲಿ ಮಾತನಾಡಿದ ಅಜ್ಜಿಯ ಮುದ್ರಣವೂ ಗಟ್ಟಿ ಗಂಟಲಿನವರ ಮುದ್ರಣವೂ ಈಗ ಒಂದೇ ಮಟ್ಟದಲ್ಲಿ ಕೇಳಿಸುತ್ತಿವೆ. ದನಿಯ ಏರುಪೇರು ನಮಗೆ ಮುಖ್ಯವಾದ್ದರಿಂದ ಇದನ್ನು ಹೀಗೆಯೇ ಬಿಡಲಾಗದು.

ಉತ್ತರ 2

ಆ ಆದೇಶವನ್ನು ನಾನು ಯಾರಿಗೂ ಸೂಚಿಸುವುದಿಲ್ಲ. ಅದು ಇಡೀ ಫೈಲನ್ನು ಒಮ್ಮೆ ಓದಿ, ಅದರಲ್ಲಿನ ಅತಿ ದೊಡ್ಡ ಮೌಲ್ಯವನ್ನು ಹುಡುಕಿ, ಆ ಶಿಖರವು 16 ಬಿಟ್ ಮಿತಿಯನ್ನು ಮುಟ್ಟುವಂತೆ ಎಲ್ಲವನ್ನೂ ಹಿಗ್ಗಿಸುತ್ತದೆ. ಶಿಖರ 0.05 ಇರಲಿ, 0.9 ಇರಲಿ, ಎರಡೂ ಒಂದೇ ಎತ್ತರಕ್ಕೆ ಬಂದು ನಿಲ್ಲುತ್ತವೆ.

ಬದಲಿಗೆ ಎಲ್ಲ ಫೈಲುಗಳನ್ನೂ 'ರೀಡ್ ಫ್ಲೋಟ್' ಫಂಕ್ಷನ್‌ನಿಂದ ಓದಿರಿ. ಆಗ 16 ಬಿಟ್ ಫೈಲುಗಳು ಲೈಬ್ರರಿಯಲ್ಲೇ -1.0ರಿಂದ 1.0ರ ಅಳತೆಗೆ ಇಳಿಯುತ್ತವೆ, ಫ್ಲೋಟ್ ವೇವ್ ಇದ್ದಂತೆಯೇ ಬರುತ್ತದೆ. 32767ರಿಂದ ಗುಣಿಸುವ ಕೆಲಸವನ್ನು ಕೊನೆಯಲ್ಲಿ ನೀವೇ ಮಾಡಿಕೊಳ್ಳಿ.

ಇದು ದೋಷವೇ ಎಂದು ಕೇಳಿದ್ದಿರಿ. 16 ಬಿಟ್‌ನ ಅಳತೆಯಲ್ಲೇ, ಅಂದರೆ 32768ರವರೆಗಿನ ಮೌಲ್ಯಗಳನ್ನೇ, ಫ್ಲೋಟ್ ವೇವ್ ಆಗಿ ಬರೆಯುತ್ತಿದ್ದ ಹಳೆಯ ಪ್ರೋಗ್ರಾಂಗಳೂ ಇದ್ದವು. ಹೀಗಾಗಿ ಲೈಬ್ರರಿ ತಾನಾಗಿ ಊಹಿಸಿ ಹಿಗ್ಗಿಸದಿರುವುದಕ್ಕೆ ಅರ್ಥವಿದೆ. ಆದರೂ ಒಂದೇ ಫಂಕ್ಷನ್ ಒಂದು ಫಾರ್ಮ್ಯಾಟಿಗೆ ಹಿಗ್ಗಿಸಿ, ಇನ್ನೊಂದಕ್ಕೆ ಹಿಗ್ಗಿಸದೆ, ಯಾವ ಎರರ್ ಸಂದೇಶವನ್ನೂ ನೀಡದಿರುವುದು ವಿನ್ಯಾಸದ ಕೊರತೆಯೆಂದೇ ನನ್ನ ಅಭಿಪ್ರಾಯ. ಲೈಬ್ರರಿಯ ದಾಖಲೆಯಲ್ಲಿ ವಿವರಣೆಯಿದೆ ಎಂಬುದು ಪೂರ್ತಿ ಸಮಾಧಾನವಲ್ಲ.

ಪ್ರಶ್ನೆ ಕೇಳಿದವರು

ಹಾಗೆಯೇ ಮಾಡಿದೆ. ದನಿಗಳ ಅಂತರ ಈಗ ಉಳಿದಿದೆ. ಆದರೆ ಎರಡು ಫೈಲುಗಳಲ್ಲಿ ನಗುವಿನ ಜಾಗದಲ್ಲಿ ಜೋರಾಗಿ ಪಟಪಟ ಸದ್ದು ಬರುತ್ತಿದೆ.

ಉತ್ತರ 2

ಅಲ್ಲಿ ಮೌಲ್ಯಗಳು 1.0 ದಾಟಿರಬೇಕು, ಫ್ಲೋಟ್‌ನಲ್ಲಿ ಅದಕ್ಕೆ ಅಡ್ಡಿಯಿಲ್ಲ. ಗುಣಿಸಿದ ಮೇಲೆ 16 ಬಿಟ್‌ನಲ್ಲಿ ಹಿಡಿಯದೆ ಧನ ಸಂಖ್ಯೆ ಋಣ ಸಂಖ್ಯೆಯಾಗಿ ಮಗುಚುತ್ತದೆ. ಆ ಎರಡು ಫೈಲುಗಳ ಮಟ್ಟವನ್ನು ಪೂರ್ಣಾಂಕಕ್ಕೆ ಬದಲಿಸುವ ಮೊದಲೇ ತಗ್ಗಿಸಿ, ಎಷ್ಟು ತಗ್ಗಿಸಿದಿರೆಂಬುದನ್ನು ಅವುಗಳ ಜೊತೆ ಬರೆದಿಡಿ.